ಸುಮ್ಮನೆ ಕೂಡುವ ಅರ್ಜಿ

ಮುಲ್ಲಾ ದಾದಾಸಾಬ ಸಮುದ್ರದ ನಡುವಿನ ದ್ವೀಪಕ್ಕೆ ಹೊರಟಿದ್ದಾನೆ ಎಂಬ ಸುದ್ದಿ ತಿಕೋಟಾದಲ್ಲಿ ಹಬ್ಬಿದಾಗ, ದ್ವೀಪ ಅಂದರೇನು ಎಂದು ಯಾರೂ ಕೇಳಲಿಲ್ಲ. ಇನ್ನು ಕುರಿ ಕೊಯ್ಯುವವರು ಯಾರು ಎಂದು ಕೇಳಿದರು. ಹಾಗೆ ಕೇಳಿದ್ದರಲ್ಲಿ ಊರಿನವರ ತಪ್ಪೇನೂ ಇಲ್ಲ. ಆ ಸೀಮೆಯಲ್ಲಿ ಕುರಿಯಾಗಲಿ ಕೋಳಿಯಾಗಲಿ, ಮುಲ್ಲಾ ಬಂದು ಬಿಸ್ಮಿಲ್ಲಾ ಹೇಳಿ ಚೂರಿ ಆಡಿಸದ ಹೊರತು ಯಾರೂ ಒಲೆಯ ಮೇಲೆ ಇಡುತ್ತಿರಲಿಲ್ಲ. ಮುಸಲ್ಮಾನರ ಮಾತು ಹಾಗಿರಲಿ, ಹಿಂದೂಗಳ ಮನೆದೇವರ ಊಟಕ್ಕೂ ಅವನೇ ಬರಬೇಕಿತ್ತು. ಅಪ್ಪ ತೀರಿಕೊಂಡಾಗ ಹದಿನೈದರ ವಯಸ್ಸಿನಲ್ಲಿ ಚೂರಿ ಹಿಡಿದ ದಾದಾಸಾಬ ಐವತ್ತೈದು ದಾಟಿದರೂ ಅದನ್ನು ಕೆಳಗಿಟ್ಟಿರಲಿಲ್ಲ.

ಅವನಿಗೆ ಸಾಕಾಗಿತ್ತು. ಯಾಕೆ ಸಾಕಾಗಿತ್ತು ಎಂಬುದು ಊರಿಗೆ ಗೊತ್ತಿರಲಿಲ್ಲ, ಹೆಂಡತಿ ಮಾಲನಬಿಯೊಬ್ಬಳಿಗೆ ಗೊತ್ತಿತ್ತು. ತಾನು ಕೊಯ್ದದ್ದನ್ನು ತಾನು ತಿನ್ನಲಾರದವನು ದಾದಾಸಾಬ. ಮೊದಲ ಕುರಿ ಕೊಯ್ದ ದಿನ ಒಂದು ತುಂಡು ಬಾಯಿಗಿಟ್ಟುಕೊಂಡಿದ್ದ, ಅದು ಗಂಟಲಲ್ಲಿ ಇಳಿದಿರಲಿಲ್ಲ. ಅಂದಿನಿಂದ ಯಾರು ಪಂಕ್ತಿಗೆ ಕರೆದರೂ ಹೊಟ್ಟೆಯ ಮೇಲೆ ಕೈಯಿಟ್ಟು, "ಹೊಟ್ಟಿ ಸರಿ ಇಲ್ರಿ" ಎನ್ನುವುದು, ತನ್ನ ಪಾಲಿನ ಮಾಂಸ ಹಿಡಿದುಕೊಂಡು ಮನೆಗೆ ಬಂದು ರೊಟ್ಟಿಯ ಜೊತೆ ಶೇಂಗಾ ಹಿಂಡಿ ಎನ್ನುವ ಚಟ್ನಿಪುಡಿ ತಿನ್ನುವುದು. ನಲವತ್ತು ವರ್ಷ ಒಂದೇ ಹೊಟ್ಟೆ, ಒಂದೇ ನೆಪ. ಊರವರು ನಂಬಿದ್ದರು ಅಷ್ಟೇ ಅಲ್ಲ, ಓಮಿನ ಕಾಳು, ಇಂಗು, ಸುಟ್ಟ ಬೆಳ್ಳುಳ್ಳಿ ಎಂದು ಔಷಧಿ ಹೇಳುತ್ತಿದ್ದರು. ಹೇಳಿದವರಿಗೆ ಬೇಜಾರಾಗಬಾರದೆಂದು ಆ ಪುಣ್ಯಾತ್ಮ ಅದನ್ನೆಲ್ಲ ತಿಂದೂ ಇದ್ದ.

ವಿಜಾಪುರಕ್ಕೆ ಹೋದ ದಿನ ಮಾತ್ರ ಅವನ ಹೊಟ್ಟೆ ನೆಟ್ಟಗಾಗುತ್ತಿತ್ತು. ಗೋಳಗುಮ್ಮಟದ ಕಡೆ ಹೋಗುವ ದಾರಿಯಲ್ಲಿ ಒಂದು ಸಣ್ಣ ಮುಸಲ್ಮಾನಿ ಹೋಟೇಲು ಇತ್ತು. ಅಲ್ಲಿ ಬೇರೆ ಯಾರೋ ಕೊಯ್ದ ಕುರಿ, ಬೇರೆ ಯಾರೋ ಮಾಡಿದ ಸಾರು. ಎರಡು ತಟ್ಟೆ ಉಂಡು ಬೆರಳು ನೆಕ್ಕುತ್ತಿದ್ದ. ಆದರೆ ಅಲ್ಲಿಯೂ ತಿಕೋಟಾದವರು ಯಾರಾದರೂ ಎದುರಾಗಿ, ಮುಲ್ಲಾ, ನಾಳೆ ನಮ್ಮ ಮನೆಗೆ ಬಾ, ಮರೀಬ್ಯಾಡ ಎಂದು ಹೇಳಿಹೋಗುತ್ತಿದ್ದರು. ಉಳಿದ ತುತ್ತು ಅಲ್ಲಿಗೇ ಕೆಡುತ್ತಿತ್ತು.

ಆ ಹೋಟೇಲಿನಲ್ಲೇ ಒಂದು ಶುಕ್ರವಾರ ಮಂಗಳೂರಿನ ಬ್ಯಾರಿಯೊಬ್ಬ ಅವನ ಎದುರಿಗೆ ಕೂತ. ಪ್ರತಿ ಚಳಿಗಾಲ ಸಿದ್ಧೇಶ್ವರ ಗುಡಿಯ ಪೇಟೆಗೆ ತೆಂಗಿನ ನಾರಿನ ಹಗ್ಗ ತಂದು ಮಾರುವವನು. ಆ ನಾರು ಬರುವುದು ದ್ವೀಪದಿಂದ ಎಂದು ಮಾತು ಶುರುವಾಯಿತು. ಬೆಳಿಗ್ಗೆ ಒಂದು ತುದಿಯಿಂದ ನಡೆದರೆ ಹಸಿವಾಗುವ ಮೊದಲು ಇನ್ನೊಂದು ತುದಿ ಮುಟ್ಟಬಹುದಾದಷ್ಟು ದ್ವೀಪ. ಊರೆಲ್ಲ ಮುಸಲ್ಮಾನರೇ, ಯಾವ ಮನೆಯ ಒಲೆಯ ಬಗ್ಗೆಯೂ ವಿಚಾರಿಸಬೇಕಾಗಿಲ್ಲ. ತಿನ್ನಲು ತೆಂಗು, ಅನ್ನ, ದಿನಕ್ಕೆರಡು ಸಲ ಮೀನು. ಅಲ್ಲಿ ಮನೆಗಳೆಲ್ಲ ಹೆಂಗಸರ ಹೆಸರಿನಲ್ಲಿರುತ್ತವೆ, ಗಂಡಸರು ಅಲ್ಲಿಗೆ ನೆಂಟರ ಹಾಗೆ ಬಂದುಹೋಗುತ್ತಾರೆ ಎಂದೂ ಬ್ಯಾರಿ ನಗುತ್ತ ಹೇಳಿದ.

ದಾದಾಸಾಬನ ಕಿವಿ ಮೀನಿನ ಹತ್ತಿರವೇ ನಿಂತುಬಿಟ್ಟಿತ್ತು. ಮೀನಿಗೆ ಚೂರಿ ಬೇಡ, ಮುಲ್ಲಾ ಬೇಡ, ನೀರಿನಿಂದ ಬಂದದ್ದೇ ಹಲಾಲು. ಇದು ಅವನಿಗೆ ಹುಟ್ಟಿದಾಗಿನಿಂದ ಗೊತ್ತಿತ್ತು. ಆದರೆ ಒಂದು ಊರಿಗೆ ಊರೇ ಹಾಗೆ ಉಂಡು ಬದುಕುತ್ತದೆ, ಅಲ್ಲಿ ತನ್ನನ್ನು ಕರೆಯುವವರು ಒಬ್ಬರೂ ಇರುವುದಿಲ್ಲ ಎಂಬುದು ಅವತ್ತು ಹೊಳೆಯಿತು. ಬಸ್ಸು ತಿಕೋಟಾ ಮುಟ್ಟುವಷ್ಟರಲ್ಲಿ ಹೋಗುವುದು ನಿಶ್ಚಯವಾಗಿತ್ತು. ಹದಿನೈದು ದಿನ, ಒಬ್ಬನೇ, ತೆಂಗಿನ ನೆರಳಿನಲ್ಲಿ. ಮಾಲನಬಿ ಎಲ್ಲವನ್ನೂ ಕೇಳಿಸಿಕೊಂಡು, ಮನೆಗಳು ಹೆಂಗಸರವು ಎಂಬುದನ್ನು ಮಾತ್ರ ಎರಡು ಸಲ ಹೇಳಿಸಿದಳು.

ಆಮೇಲೆ ದಾದಾಸಾಬ ಕೈಕಟ್ಟಿ ಕೂಡಲಿಲ್ಲ. ವಿಜಾಪುರದಿಂದ ಹುಬ್ಬಳ್ಳಿಗೆ ರೈಲು, ಅಲ್ಲಿಂದ ಮಂಗಳೂರಿಗೆ ಬಸ್ಸು, ಒಂದು ರಾತ್ರಿ ಬ್ಯಾರಿಯ ಮನೆ, ಮುಂದೆ ಹಾಯಿ ಹಡಗು. ಗಾಳಿ ಮನಸ್ಸು ಮಾಡಿದರೆ ಎರಡು ದಿನ, ಇಲ್ಲದಿದ್ದರೆ ನಾಲ್ಕು. ಇಳಿದುಕೊಳ್ಳಲು ಬ್ಯಾರಿಯ ಪರಿಚಯದ ಒಬ್ಬ ಮುದುಕಿಯ ಮನೆ. ದಾರಿಗೆ ಖಡಕ್ ರೊಟ್ಟಿಯ ಗಂಟು. ಹಡಗು ಫೆಬ್ರುವರಿ ಕೊನೆಯ ವಾರ ಹೊರಡುತ್ತದೆ, ಆ ವಾರದ ಬುಧವಾರ ಊರಿನಿಂದ ಹೊರಡುವ ಮೊದಲ ಬಸ್ಸು ತಪ್ಪಿದರೆ ಹಡಗೂ ತಪ್ಪುತ್ತದೆ, ಮುಂದಿನ ವರ್ಷದವರೆಗೆ ಮತ್ತೆ ಅದರ ಮಾತಿಲ್ಲ. ಮಮದಾಪುರದ ಕೆರೆಗಿಂತ ದೊಡ್ಡ ನೀರನ್ನು ಕಾಣದವನು ಇಷ್ಟನ್ನೆಲ್ಲ ದಿನಾ ಓಡಾಡಿದ ದಾರಿಯ ಹಾಗೆ ಬೆರಳು ಮಡಚಿ ಹೇಳುತ್ತಿದ್ದ.

ದ್ವೀಪಕ್ಕೆ ಹೊರಗಿನವರು ಹೋಗಲು ಸರ್ಕಾರದ ಪರವಾನಗಿ ಬೇಕಿತ್ತು. ಅರ್ಜಿ ಬರೆಯಲು ಕೂತವರು ಸಾಲಿಯ ಬಸಲಿಂಗಯ್ಯ ಮಾಸ್ತರರು. ಹೆಸರು, ಊರು, ವಯಸ್ಸು ಎಲ್ಲ ಸಲೀಸಾಗಿ ಆಯಿತು. ಉದ್ದೇಶ ಎಂಬಲ್ಲಿ ಲೇಖನಿ ನಿಂತಿತು.

"ವ್ಯಾಪಾರ ಅಂತ ಬರೀಲೇನು? ಬಳಗದವರ ಭೆಟ್ಟಿ?"

"ಎರಡೂ ಅಲ್ರಿ ಮಾಸ್ತರ. ಸುಮ್ನ ಕುಂದ್ರಾಕ."

ಸುಮ್ಮನೆ ಕೂಡಲು ತಿಕೋಟಾದಲ್ಲಿ ಕಟ್ಟೆಗಳಿಲ್ಲವೇ ಎಂದು ಮಾಸ್ತರರು ಕೇಳಿದರು. ಆ ಕಟ್ಟೆಗಳ ಮೇಲೆ ಕೂತರೆ ಐದು ನಿಮಿಷಕ್ಕೊಬ್ಬರು ಎಬ್ಬಿಸುತ್ತಾರೆ ಎಂದು ದಾದಾಸಾಬ ಹೇಳಿದ. ಹೋಗಲಿ, ಆರೋಗ್ಯಕ್ಕಾಗಿ ಎಂದು ಬರೆಯೋಣ ಅಂದರೆ ಅದಕ್ಕೂ ಒಪ್ಪಲಿಲ್ಲ. ತನಗೆ ರೋಗವಿಲ್ಲ, ಸರ್ಕಾರಕ್ಕೆ ಸುಳ್ಳು ಬರೆಯಬಾರದು ಎಂದ. ಕೊನೆಗೆ ಮಾಸ್ತರರು ತಲೆ ಕೊಡವಿ, ಸುಮ್ಮನೆ ಕೂಡುವುದು ಎಂದೇ ಬರೆದರು. ಒಂದೂವರೆ ತಿಂಗಳಿಗೆ ಮೊಹರು ಬಿದ್ದ ಪರವಾನಗಿ ಬಂತು. ಸರ್ಕಾರ ಒಪ್ಪಿದ್ದನ್ನು ಒಪ್ಪದೆ ಉಳಿದದ್ದು ತಿಕೋಟಾ.

ಹಜ್‌ಗೆ ಹೊರಟಿರಬೇಕು, ನಾಚಿಕೆಗೆ ದ್ವೀಪ ಅನ್ನುತ್ತಿದ್ದಾನೆ ಎಂದು ಕೆಲವರು ಅಂದುಕೊಂಡರು. ಪುಣ್ಯದ ನೀರು ತರಲೆಂದು ನೆರೆಮನೆಯ ಪರಸವ್ವ ಒಂದು ಖಾಲಿ ಬಾಟಲಿಯನ್ನೂ ತೊಳೆದು ತಂದುಕೊಟ್ಟಳು. ಆದರೆ ಕುರುಬರ ಶಾಂತಪ್ಪನದು ಬೇರೆ ಸಂಕಟ. ಮಾರ್ಚಿನಲ್ಲಿ ಅವನ ಮಗಳ ಮದುವೆ, ಮದುವೆಯ ಮರುದಿನ ಬೀಗರ ಊಟ, ಊಟಕ್ಕೆ ನಾಲ್ಕು ಕುರಿ. ಅವನು ದಾದಾಸಾಬನ ಅಂಗಳಕ್ಕೆ ಬಂದು ಕೂತು ಎದ್ದೇಳಲೊಲ್ಲ.

"ನನ್ನ ಮಗಳ ಮದಿವ್ಯಾಗ ನಿನ್ನ ಕೈ ಬಿಟ್ಟು ಯಾರ ಕೈ ಹಿಡೀಲೋ ದಾದಾಸಾಬ?" ಎಂದ.

ಅದೂ ನಿಜವೇ. ದಾದಾಸಾಬನಿಗೆ ಗಂಡುಮಕ್ಕಳಿಲ್ಲ. ಒಬ್ಬಳೇ ಮಗಳು, ಬಬಲೇಶ್ವರಕ್ಕೆ ಕೊಟ್ಟಿತ್ತು. ಅಲ್ಲಿನ ಮುಲ್ಲಾ ರಸೂಲಸಾಬನೇ ಅವಳ ಮಾವ. ಹದಿನೈದು ದಿನ ಬಂದು ಹೋಗು ಎಂದು ಕೇಳಿದರೆ, ಬರುತ್ತೇನೆ, ಆದರೆ ಒಮ್ಮೆ ಚೂರಿ ಹಿಡಿದರೆ ತಿಕೋಟಾದ ಹಕ್ಕು ಕಾಯಂ ನನ್ನದು ಎಂದು ಬೀಗ ಹಲ್ಲು ಕಿರಿದ. ದಾದಾಸಾಬ ಅವನ ಮನೆಯ ಚಹಾ ಕುಡಿದು, ಮಗಳ ತಲೆ ಸವರಿ, ಮಾತು ಬೆಳೆಸದೆ ಎದ್ದು ಬಂದ.

ಬಂದು ರೊಟ್ಟಿ ಬಡಿಯುತ್ತಿದ್ದ ಹೆಂಡತಿಯ ಮುಂದೆ ಕೂತು, ಬೀಗ ಅಂದದ್ದನ್ನು ಹೇಳಿದ. ಮಾಲನಬಿ ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿ, ಅವನ ಕಡೆ ನೋಡದೆ ಕೇಳಿದಳು.

"ನಾ ಮಾಡಿದರ ಆಗೂದಿಲ್ಲೇನ್ರಿ?"

ಮೂವತ್ತೈದು ವರ್ಷದಿಂದ ಆ ಚೂರಿಯನ್ನು ಮಸೆದು, ತೊಳೆದು, ಒರೆಸಿ ಇಡುತ್ತಿದ್ದವಳು ಅವಳೇ. ಓದಬೇಕಾದದ್ದು ಅವಳಿಗೆ ಬಾಯಿಪಾಠ. ದಾದಾಸಾಬ ಮಾರನೆಯ ದಿನವೇ ವಿಜಾಪುರಕ್ಕೆ ಹೋಗಿ ಮಸೀದಿಯ ವೃದ್ಧ ಮೌಲವಿಯನ್ನು ಕೇಳಿದ. ಅವರು ಪುಸ್ತಕ ತೆಗೆಯಲೂ ಇಲ್ಲ. ಮುಸಲ್ಮಾನಳಾಗಿದ್ದು, ದೇವರ ಹೆಸರು ಹೇಳಿ, ಸರಿಯಾಗಿ ಕೊಯ್ದರೆ ಹೆಂಗಸಿನ ಕೈಯೂ ಹಲಾಲೇ, ಇದನ್ನು ಕೇಳಲು ಇಷ್ಟು ದೂರ ಬಂದೆಯಾ ಎಂದರು.

ಮೌಲವಿ ಒಪ್ಪಿದರೂ ಶಾಂತಪ್ಪ ಒಪ್ಪಲಿಲ್ಲ. ಅವನು ಹಣೆಗೆ ದೇವರ ಭಂಡಾರ ಹಚ್ಚಿಕೊಳ್ಳುವ ಮನುಷ್ಯ, ಮುಸಲ್ಮಾನರ ಧರ್ಮದಲ್ಲಿ ಮೌಲವಿಗಿಂತ ಕಟ್ಟುನಿಟ್ಟಾಗಿದ್ದ. ಹೆಣ್ಣುಮಕ್ಕಳು ಬಿಸ್ಮಿಲ್ಲಾ ಮಾಡಿದ್ದನ್ನು ಅವನ ಅಜ್ಜನೂ ಕಂಡಿಲ್ಲವಂತೆ. ಬಹಳ ಹೊತ್ತು ಜಗ್ಗಾಡಿದ ಮೇಲೆ ಒಂದು ದಾರಿ ಮಾಡಿದ. ಬರುವ ರವಿವಾರ ಬೀಗರು ಮಾತಿಗೆ ಬರುವವರಿದ್ದರು, ಅವರ ಊಟಕ್ಕೆ ಒಂದು ಕುರಿ. ಅದನ್ನು ಮಾಲನಬಿ ತನ್ನ ಕಣ್ಣೆದುರು ಕೊಯ್ಯಲಿ. ಕೈ ನಡುಗದಿದ್ದರೆ ದಾದಾಸಾಬ ಬುಧವಾರ ಹೋಗಬಹುದು. ನಡುಗಿದರೆ ದ್ವೀಪ ಅಲ್ಲೇ ಇರುತ್ತದೆ, ಎಲ್ಲಿಗೂ ಓಡಿಹೋಗುವುದಿಲ್ಲ.

ರವಿವಾರ ಶಾಂತಪ್ಪನ ಹಿತ್ತಲಿನಲ್ಲಿ ಅರ್ಧ ಊರು ನೆರೆದಿತ್ತು. ಮಾಲನಬಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಬಂದಳು. ಕುರಿಗೆ ನೀರು ಕುಡಿಸಿದಳು, ಚೂರಿ ಅದರ ಕಣ್ಣಿಗೆ ಬೀಳದಂತೆ ಮರೆ ಮಾಡಿದಳು, ಪಶ್ಚಿಮಕ್ಕೆ ಮುಖ ಮಾಡಿಸಿ ಮಲಗಿಸಿದಳು. ದೇವರ ಹೆಸರು ಎಲ್ಲರಿಗೂ ಕೇಳುವಂತೆ ಹೇಳಿದಳು. ಎಲ್ಲ ಚೂರಿಯ ಒಂದೇ ಎಳೆತಕ್ಕೆ ಮುಗಿಯಿತು. ತಾನು ಹದಿನೈದರಲ್ಲಿ ಮಾಡಿದ್ದಕ್ಕಿಂತ ಎಷ್ಟೋ ಚೆನ್ನಾಗಿ ಮಾಡಿದಳು ಎಂದು ದಾದಾಸಾಬನಿಗೆ ಹೆಮ್ಮೆಯಾಯಿತು. ಶಾಂತಪ್ಪ ಹತ್ತಿರ ಹೋಗಿ ಬಗ್ಗಿ ನೋಡಿ, ಏನೂ ಹುಳುಕು ಸಿಗದೆ, ನಿನ್ನ ಗಂಡನಿಗಿಂತ ನಿನ್ನ ಕೈಯೇ ಹಗುರ ಅದ ಎಂದು ಒಪ್ಪಿಕೊಂಡ.

ಮಧ್ಯಾಹ್ನ ಪಂಕ್ತಿ ಕೂತಿತು. ಕರೆಯುವುದು ರಿವಾಜು ಎಂದು ಶಾಂತಪ್ಪ ದಾದಾಸಾಬನನ್ನೂ ಕರೆದ, ಹೊಟ್ಟೆಯ ಮೇಲೆ ಕೈ ಹೋಗುತ್ತದೆ ಎಂದು ಕಾದ. ಕೈ ಹೋಗಲಿಲ್ಲ. ದಾದಾಸಾಬ ಕಾಲು ತೊಳೆದುಕೊಂಡು ಬಂದು ಬೀಗರ ಪಕ್ಕದಲ್ಲಿ ಕೂತುಬಿಟ್ಟ. ತಿಕೋಟಾದ ನೆಲದ ಮೇಲೆ ನಲವತ್ತು ವರ್ಷಕ್ಕೆ ಮೊದಲ ಸಲ ಮಾಂಸದ ಸಾರಿನಲ್ಲಿ ರೊಟ್ಟಿ ಅದ್ದಿ ತಿಂದ. ಅದು ಗಂಟಲಲ್ಲಿ ಸರಾಗ ಇಳಿಯಿತು. ಎರಡನೆಯ ಸಲ ಹಾಕಿಸಿಕೊಂಡ, ಮೂರನೆಯ ಸಲ ತಾನೇ ಕೇಳಿದ. ಓಮಿನ ಕಾಳು ಹೇಳಿಕೊಟ್ಟಿದ್ದ ಯಲಗೂರಪ್ಪ, ಕೊನೆಗೂ ನನ್ನ ಔಷಧಿ ನಾಟಿತು ಎಂದು ಎಲ್ಲರಿಗೂ ಹೇಳಿಕೊಂಡು ತಿರುಗಾಡಿದ.

ಸಂಜೆ ದಾದಾಸಾಬ ಹಾಡು ಗುನುಗುತ್ತ ಮನೆಗೆ ಬಂದ. ಬೀಗರು ಒಪ್ಪಿದರು, ಶಾಂತಪ್ಪ ಒಪ್ಪಿದ, ಬುಧವಾರದ ಬಸ್ಸು ಗಟ್ಟಿಯಾಯಿತು. ಒಳಗೆ ಮಾಲನಬಿ ಊಟಕ್ಕೆ ಕೂತಿದ್ದಳು. ಅವಳ ಪಾಲಿನ ಮಾಂಸ ಪಾತ್ರೆಯಲ್ಲಿ ಮುಚ್ಚಿದ ಹಾಗೆಯೇ ಇತ್ತು. ತಟ್ಟೆಯಲ್ಲಿ ರೊಟ್ಟಿ ಇತ್ತು, ರೊಟ್ಟಿಯ ಮೇಲೆ ಶೇಂಗಾ ಹಿಂಡಿ.

"ಯಾಕ, ಉಣ್ಣವಲ್ಲಿ?" ಎಂದು ಕೇಳಿದ.

"ಹೊಟ್ಟಿ ಸರಿ ಇಲ್ಲ," ಎಂದಳು ಅವಳು.

ದಾದಾಸಾಬನ ಹಾಡು ನಿಂತುಹೋಯಿತು. ತಾನು ಹಗುರವಾಗಲೆಂದು ತನ್ನ ಭಾರವನ್ನೆಲ್ಲ ಇವಳ ತಲೆಗೆ ಹೊರಿಸಿದೆನಲ್ಲ ಎಂದು ಅವನಿಗೆ ನಾಚಿಕೆಯಾಯಿತು. ಅವಳ ಎದುರಿಗೆ ಕೂತು, ದ್ವೀಪವೂ ಬೇಡ ಏನೂ ಬೇಡ, ಚೂರಿ ಇತ್ತ ಕೊಡು ಎಂದ.

ಮಾಲನಬಿ ತುತ್ತು ನುಂಗಿ, ನೀರು ಕುಡಿದಳು. ಆಮೇಲೆ ಅವನನ್ನು ನೋಡಿದಳು. ಆ ಕಣ್ಣಲ್ಲಿ ಅಳುವೂ ಇರಲಿಲ್ಲ, ಕೋಪವೂ ಇರಲಿಲ್ಲ.

"ಬುಧವಾರ ನೀವು ಹೋಗಬೇಕ್ರಿ. ದಾರಿ ಚಲೋತ್ನಾಗ ನೋಡ್ಕೊಂಡ ಬರ್ರಿ. ಆ ಮುದುಕಿಗೆ ನನ್ನ ಹೆಸರು ಹೇಳಿ ಬರ್ರಿ. ಬರೋ ವರ್ಷ ನಾ ಹೋಗ್ತೇನಿ, ಒಬ್ಬಾಕೀನ. ಆವಾಗ ಚೂರಿ ನಿಮ್ಮ ಕೈಯಾಗ ಇರ್ತದ."

ಸುಮ್ಮನೆ ಕೂಡಬೇಕೆಂದು ತಿಳಿಯಲು ತನಗೆ ನಲವತ್ತು ವರ್ಷ ಹಿಡಿಯಿತು, ಇವಳಿಗೆ ಒಂದೇ ಸಂಜೆಗೆ ತಿಳಿಯಿತಲ್ಲ ಎಂದು ದಾದಾಸಾಬ ಅಚ್ಚರಿಪಟ್ಟ. ಅವಳ ತಟ್ಟೆಯಿಂದ ಅರ್ಧ ರೊಟ್ಟಿ ಮುರಿದುಕೊಂಡು, ಹಿಂಡಿ ಹಚ್ಚಿಕೊಂಡು ತಿಂದ.

ಸೋಮವಾರ ಬೆಳಿಗ್ಗೆ ಸಾಲಿ ಶುರುವಾಗುವ ಮೊದಲೇ ಅವನು ಬಸಲಿಂಗಯ್ಯ ಮಾಸ್ತರರ ಮುಂದೆ ನಿಂತಿದ್ದ. ಇನ್ನೊಂದು ಅರ್ಜಿ ಆಗಬೇಕು, ಹೆಸರು ಮಾಲನಬಿ ಎಂದ. ಜೊತೆಗೆ ಯಾರು ಎಂದು ಮಾಸ್ತರರು ಕೇಳಿದರು. ಯಾರೂ ಇಲ್ಲ, ಅವಳೊಬ್ಬಳೇ ಎಂದು ಹೇಳಿದ. ಮಾಸ್ತರರು ಕನ್ನಡಕ ಏರಿಸಿಕೊಂಡರು. ಉದ್ದೇಶ ಏನೆಂದು ಮಾತ್ರ ಕೇಳಲಿಲ್ಲ. ಹಳೆಯ ಅರ್ಜಿಯ ನಕಲು ತೆಗೆದು ಪಕ್ಕದಲ್ಲಿಟ್ಟುಕೊಂಡು, ಅದರಲ್ಲಿದ್ದದ್ದನ್ನೇ ಬರೆದರು.