ಖರ್ಬೂಜದ ವಾಸನೆಯ ಸೌತೆ

ಮಂಗಳೂರು ಕಡೆಯವರು ಊರು ಬಿಟ್ಟರೂ ಸೌತೆಕಾಯಿ ಬಿಡುವುದಿಲ್ಲ. ಕೊಲ್ಲಿ ನಾಡಿನ ಅಲ್ ಹೈಲ್‌ನ ಮೈಮುನಾ ಅಂತೂ ಬಿಟ್ಟವಳಲ್ಲ. ಉಳ್ಳಾಲದ ತಾಯಿಮನೆಯ ಸೌತೆಬೀಜವನ್ನು ಬೂದಿಯಲ್ಲಿ ಕಲಸಿ ಜೋಪಾನ ಮಾಡಿ, ಪ್ರತಿ ಚಳಿಗಾಲ ಟೆರೇಸಿನ ಡ್ರಮ್ಮುಗಳಲ್ಲಿ ಹಾಕುತ್ತಿದ್ದಳು. ಬಲಿತ ಕಾಯಿಗಳನ್ನು ಊರಿನ ಮನೆಯಲ್ಲಿ ಕಟ್ಟುವ ಹಾಗೆಯೇ ಹಗ್ಗ ಹಾಕಿ ಬಾಲ್ಕನಿಯಲ್ಲಿ ತೂಗುಬಿಡುತ್ತಿದ್ದಳು. ಬಟ್ಟೆ ಒಣಗಿಸಲು ಜಾಗವಿಲ್ಲ ಎಂದು ಗಂಡ ಇಸುಬು ಗೊಣಗುವುದು, ಸೌತೆಯ ಸಾರು ಬಡಿಸಿದ ಕೂಡಲೇ ಸುಮ್ಮನಾಗುವುದು, ಇದೂ ಪ್ರತಿ ವರ್ಷದ್ದೇ.

ಈ ವರ್ಷ ಮಾತ್ರ ಎಡವಟ್ಟಾಯಿತು. ಬಳ್ಳಿ ನೋಡಿದರೆ ಅದೇ ಬಳ್ಳಿ. ಆದರೆ ಉದ್ದಕ್ಕೆ, ನುಣುಪಾಗಿ ಬರಬೇಕಾದ ಕಾಯಿ ಹೆಚ್ಚಿನ ಬಳ್ಳಿಗಳಲ್ಲಿ ದುಂಡಗೆ, ಮೈಯೆಲ್ಲ ಒರಟಾಗಿ ಬಂತು. ಕೊಯ್ದರೆ ಅಡುಗೆಮನೆ ತುಂಬ ಘಮಘಮ. ಸಾರು ಮಾಡಿದರೆ ಅದರಲ್ಲೂ ಪಾಯಸದ ವಾಸನೆ. ಮೈಮುನಾ ಬೀಜ ಹಂಚಿದ್ದ ಏಳು ಮನೆಗಳಲ್ಲೂ ಇದೇ ಕಥೆ.

ಅಲ್ ಹೈಲ್‌ನ ಹೆಂಗಸರಿಗೆ ‘ಟೆರೇಸ್ ತೋಟ’ ಎಂಬ ವಾಟ್ಸಾಪ್ ಗುಂಪೊಂದಿದೆ. ಬೀಜ ಪಡೆದವರಲ್ಲೊಬ್ಬಳಾದ ಐಶಮ್ಮ ಅಲ್ಲಿಗೆ ಆ ಕಾಯಿಯ ಫೋಟೋ ಹಾಕಿದಳು. ಹಿಂದೆಯೇ ಎಲ್ಲಿಂದಲೋ ಬಂದ ಒಂದು ಧ್ವನಿ ಸಂದೇಶವನ್ನೂ ಕಳಿಸಿದಳು: “ಇದು ಕುಲಾಂತರಿ ಬೀಜ. ಲ್ಯಾಬಿನಲ್ಲಿ ಮಾಡಿದ್ದು. ಬಸುರಿಯರು ತಿಂದರೆ ಹೊಟ್ಟೆಯ ಮಗುವಿಗೆ ತೊಂದರೆ.”

ಮೈಮುನಾ ಅದನ್ನು ಎರಡೆರಡು ಸಲ ಕೇಳಿದಳು. ಮಗಳು ಇರ್ಫಾನಾಗೆ ಐದು ತಿಂಗಳು, ಚೊಚ್ಚಲ ಬಸಿರು. ಎರಡು ವಾರದಿಂದ ಅವಳ ತಟ್ಟೆಗೆ ಬಿದ್ದದ್ದು ಇದೇ ಸೌತೆ.

ಅಂದಿನಿಂದ ಇರ್ಫಾನಾ ತರಕಾರಿ ಬಿಟ್ಟಳು. ಬೀಜವಿಲ್ಲದ ದ್ರಾಕ್ಷಿ ಬಿಟ್ಟಳು. ಟೊಮೆಟೊ ದೊಡ್ಡದಾಗಿ ಕಂಡರೆ ಅದನ್ನೂ ಬಿಟ್ಟಳು. ಕೊನೆಗೆ ಉಳಿದದ್ದು ಚಹಾ ಮತ್ತು ರಸ್ಕು.

“ಉಮ್ಮ, ಯಾವುದರಲ್ಲಿ ಎಂತ ಉಂಟು ಅಂತ ಯಾರಿಗೆ ಗೊತ್ತು?” ಎನ್ನುವಳು. ಮೈಮುನಾ ಮಗಳ ಮುಖ ಸೊರಗಿದ್ದು ಕಂಡು ಆ ಬೀಜ ಹಾಕಿದ ತನ್ನ ಕೈಯನ್ನೇ ತಾನು ಬೈದುಕೊಂಡಳು. ಕೊನೆಗೆ ನಿಜ್ವಾ ಪಟ್ಟಣದಲ್ಲಿರುವ ಗೆಳತಿ ಮೋಹಿನಿಗೆ ಫೋನ್ ಮಾಡಿದಳು. ಮೋಹಿನಿ ಮೂಡಬಿದಿರೆಯವಳು, ಈಗ ನಿಜ್ವಾದ ವಿಶ್ವವಿದ್ಯಾಲಯದಲ್ಲಿ ಗಿಡಗಳ ಲ್ಯಾಬಿನಲ್ಲಿ ಕೆಲಸ.

“ಶುಕ್ರವಾರ ಬರ್ತೇನೆ ಮೈಮುನಕ್ಕ. ಅಷ್ಟರವರೆಗೆ ಒಂದೂ ಕಾಯಿ ಬಿಸಾಡ್ಬೇಡಿ,” ಎಂದಳು ಮೋಹಿನಿ.

ಶುಕ್ರವಾರ ಬಂದವಳು ಚಪ್ಪಲಿ ಬಿಟ್ಟು ನೇರ ಟೆರೇಸಿಗೆ ಹೋದಳು. ಕಾಯಿ ಮೂಸಿದಳು. ಒಂದನ್ನು ಕತ್ತರಿಸಿ ನಾಲಿಗೆಯ ತುದಿಗೆ ತಾಗಿಸಿದಳು.

“ಹೋದ ವರ್ಷ ಈ ಸೌತೆಯ ಪಕ್ಕದ ಡ್ರಮ್ಮಿನಲ್ಲಿ ಎಂತ ಇತ್ತು?”

“ಖರ್ಬೂಜ. ನೀನೇ ಕೊಟ್ಟದ್ದಲ್ವಾ, ನಿಜ್ವಾ ಮಾರ್ಕೆಟಿನ ಹಣ್ಣಿನ ಬೀಜ?”

ಮೋಹಿನಿ ಅಲ್ಲೇ ಕಟ್ಟೆಯ ಮೇಲೆ ಕುಳಿತು ನಗಲು ಶುರು ಮಾಡಿದಳು. “ಹಾಗಾದ್ರೆ ತಪ್ಪಿತಸ್ಥೆ ನಾನೇ. ನಮ್ಮೂರ ಸೌತೆ ಮತ್ತು ಖರ್ಬೂಜ ಒಂದೇ ಜಾತಿಯವು. ಜೇನುನೊಣ ಈ ಹೂವಿನಿಂದ ಆ ಹೂವಿಗೆ ಹೋಯ್ತು, ಬೀಜ ಬೆರಕೆ ಆಯ್ತು. ಹೋದ ವರ್ಷದ ಕಾಯಿಯಲ್ಲಿ ಗೊತ್ತಾಗ್ಲಿಲ್ಲ, ಆ ಬೀಜ ಹಾಕಿದ್ದಕ್ಕೆ ಈ ವರ್ಷ ಗೊತ್ತಾಯ್ತು. ಇದಕ್ಕೆ ಲ್ಯಾಬೂ ಇಲ್ಲ, ಕಂಪನಿಯೂ ಇಲ್ಲ. ಬಾಯಿಗೆ ಕಹಿ ಬಂದ ಕಾಯಿ ಮಾತ್ರ ತಿನ್ಬೇಡಿ. ಇದು ಕಹಿ ಇಲ್ಲ.”

ಮೈಮುನಾಳ ತಲೆಯ ಮೇಲಿನ ಚಪ್ಪಡಿ ಇಳಿದಂತಾಯಿತು. ಆದರೆ ಇರ್ಫಾನಾ ಅಷ್ಟು ಸುಲಭಕ್ಕೆ ಒಪ್ಪುವವಳಲ್ಲ.

“ಹಾಗಾದ್ರೆ ಕುಲಾಂತರಿ ಅಂದ್ರೆ ಎಂತ ಆಂಟಿ?”

“ಬೇಕಾದ ಒಂದು ಗುಣದ ಜೀನನ್ನು ಲ್ಯಾಬಿನಲ್ಲಿ ಗಿಡದ ಒಳಗೆ ಸೇರಿಸುದು. ಹೆಚ್ಚಾಗಿ ಬೇರೆ ಜೀವಿಯದ್ದು, ಬ್ಯಾಕ್ಟೀರಿಯಾದ್ದೂ ಇರಬಹುದು.”

“ಅದನ್ನು ತಿಂದ್ರೆ ನಮ್ಮ ಜೀನ್ ಬದಲಾಗುದಿಲ್ವಾ?”

“ಹುಟ್ಟಿದಾಗಿಂದ ಬಸಳೆ ತಿಂತಿದ್ದಿ. ಅದರಲ್ಲೂ ಜೀನ್ ಉಂಟು. ನಿನಗೆ ಎಲ್ಲಿಯಾದ್ರೂ ಎಲೆ ಚಿಗುರಿತಾ?”

ಚಹಾದ ತಟ್ಟೆ ಹಿಡಿದು ಬಂದ ಇಸುಬು ಮಗಳ ಕೈಯನ್ನು ತಿರುಗಿಸಿ ನೋಡಿ, “ಇಲ್ಲ, ಸದ್ಯಕ್ಕೆ ಚಿಗುರಿಲ್ಲ,” ಎಂದ. ಎಷ್ಟೋ ದಿನದ ಮೇಲೆ ಇರ್ಫಾನಾ ನಕ್ಕಳು.

“ಹಾಗಾದ್ರೆ ಅದು ಒಳ್ಳೆಯದೇ ಅಂತ ಹೇಳುದಾ ನೀನು?” ಮೈಮುನಾ ಕೇಳಿದಳು.

“ಎಲ್ಲವನ್ನೂ ಒಂದೇ ಮೂಟೆಯಲ್ಲಿ ಕಟ್ಟಬಾರದು ಮೈಮುನಕ್ಕ. ಒಂದು ಕಡೆ ಪಪ್ಪಾಯಿಗೆ ರೋಗ ಬಂದು ತೋಟಗಳೇ ಹೋಗುವುದರಲ್ಲಿದ್ದವು, ಅವನ್ನು ಉಳಿಸಿದ್ದು ಕುಲಾಂತರಿ ಗಿಡ. ನಮ್ಮ ದೇಶದಲ್ಲಿ ಹತ್ತಿಗೆ ಕಾಯಿಕೊರಕ ಹುಳ ಬಾರದ ಹಾಗೆ ಮಾಡಿದ್ರು, ಕೆಲವು ವರ್ಷ ಔಷಧಿ ಹೊಡೆಯುದು ಕಡಿಮೆ ಆಯ್ತು. ಆಮೇಲೆ ಒಂದು ಜಾತಿಯ ಹುಳ ಅದನ್ನೂ ತಿಂದು ಜೀರ್ಣಿಸಿಕೊಳ್ಳಲು ಕಲಿತಿತು. ಮತ್ತೆ ಔಷಧಿ. ಅದಕ್ಕೇ ಪ್ರತಿಯೊಂದನ್ನೂ ಬೇರೆ ಬೇರೆಯಾಗಿ ಪರೀಕ್ಷೆ ಮಾಡ್ಬೇಕು. ಅಲರ್ಜಿ ಆಗ್ತದಾ, ಸುತ್ತಲಿನ ಗಿಡಕ್ಕೆ ಬೆರಕೆ ಆಗ್ತದಾ ಅಂತ ನೋಡ್ಬೇಕು. ಪರೀಕ್ಷೆ ಆಗಿ ಮಾರಾಟಕ್ಕೆ ಬಂದದ್ದನ್ನು ತಿಂದು ಬಸುರಿಗೆ ತೊಂದರೆ ಆಯ್ತು ಅಂತ ಸಾಬೀತಾಗಿಲ್ಲ. ಬೆರಕೆಯ ವಿಷಯ ಮಾತ್ರ ನಿಮ್ಮ ಟೆರೇಸೇ ಹೇಳ್ತಾ ಉಂಟಲ್ಲ. ಜೇನುನೊಣ ಬೇಲಿ ನೋಡುದಿಲ್ಲ.”

“ಬೀಜವನ್ನು ಕೂಡ ಕಂಪನಿಯವರು ತಮ್ಮದೇ ಅಂತಾರಂತೆ?” ಇರ್ಫಾನಾ ಕೇಳಿದಳು.

“ಕೆಲವು ಕಡೆ ಹಾಗೆ ಕರಾರು ಉಂಟು. ಬೆಳೆದವನು ಬೀಜ ತೆಗೆದಿಟ್ಟು ಮರುವರ್ಷ ಬಿತ್ತುವ ಹಾಗಿಲ್ಲ. ಅದು ಸರಿಯಾ ಅಂತ ರೈತರು ಕೇಳ್ತಾರೆ, ಕೇಳಲೇಬೇಕು. ತಿನ್ನುವವರಿಗೂ ಒಂದು ಹಕ್ಕು ಉಂಟು. ಪ್ಯಾಕೆಟಿನ ಮೇಲೆ ಬರೆದಿರ್ಬೇಕು. ಓದಿ ಬೇಕಾದವರು ತಗೊಳ್ತಾರೆ, ಬೇಡದವರು ಬಿಡ್ತಾರೆ.”

ಮೈಮುನಾ ಸೊಂಟಕ್ಕೆ ಕೈ ಕೊಟ್ಟು ನಿಂತಳು. “ಅದೇ ನಾನೂ ಹೇಳುದು. ಹೇಳದೆ ಕೊಡುದು ಅನ್ಯಾಯ ಅಲ್ವಾ?”

“ಅನ್ಯಾಯವೇ,” ಎಂದ ಇಸುಬು ಚಹಾ ಹೀರುತ್ತಾ. “ನೀನು ಏಳು ಮನೆಗೆ ಬೀಜ ಕೊಟ್ಟಿಯಲ್ಲ, ಪಕ್ಕದಲ್ಲಿ ಖರ್ಬೂಜ ಇತ್ತು ಅಂತ ಬರೆದು ಕೊಟ್ಟಿದ್ದಿಯಾ?”

ಮೈಮುನಾಳಿಗೆ ನಾಚಿಕೆಯೂ ಆಯಿತು, ನಗುವೂ ಬಂತು. ಅಲ್ಲೇ ಫೋನ್ ತೆಗೆದು ಗುಂಪಿಗೆ ಮಾತಾಡಿ ಕಳಿಸಿದಳು: “ಐಶಮ್ಮ, ಎಲ್ಲರೂ ಕೇಳಿ. ಇದು ಕುಲಾಂತರಿ ಅಲ್ಲ, ಜೇನುನೊಣ ಮಾಡಿದ ಬೆರಕೆ. ನನಗೂ ಗೊತ್ತಿರ್ಲಿಲ್ಲ. ಗೊತ್ತಿಲ್ಲದೆ ಕೊಟ್ಟದ್ದು ನನ್ನ ತಪ್ಪು, ಕೇಳದೆ ಹೆದರಿಸಿದ್ದು ನಿನ್ನ ತಪ್ಪು. ಖಲಾಸ್. ಸಂಜೆ ಎಲ್ಲರೂ ಮನೆಗೆ ಬನ್ನಿ.”

ಆದರೂ ಒಂದು ಸಂಕಟ ಉಳಿಯಿತು. “ನನ್ನ ಉಮ್ಮನ ಬೀಜ ಹೋಯಿತಲ್ಲ ಮೋಹಿನಿ,” ಎಂದಳು ಸಣ್ಣ ಧ್ವನಿಯಲ್ಲಿ.

ಮೋಹಿನಿ ಕೆಳಗಿಳಿದು ಕಾರಿನಿಂದ ಒಂದು ಚೀಲ ತಂದಳು. ಅದರಲ್ಲಿ ಉದ್ದನೆಯ, ಹೊಂಬಣ್ಣದ, ಹಸಿರು ಗೀರಿನ ಮೂರು ಸೌತೆ. ಹಗ್ಗದ ಕುಣಿಕೆ ಇನ್ನೂ ಕುತ್ತಿಗೆಯಲ್ಲೇ ಇತ್ತು.

“ಎರಡು ವರ್ಷದ ಹಿಂದೆ ನೀವು ಕೊಟ್ಟ ಬೀಜದ ಸಂತಾನ. ನಮ್ಮ ಹಿತ್ತಲಿನ ಹತ್ತಿರ ಎಲ್ಲೂ ಖರ್ಬೂಜ ಇಲ್ಲ. ಹಂಚಿದ್ದಕ್ಕೆ ಉಳಿಯಿತು ನೋಡಿ.”

ಮೈಮುನಾ ಕಾಯಿಯನ್ನು ಕೆನ್ನೆಗೆ ಒತ್ತಿಕೊಂಡಳು. ಕಣ್ಣು ತುಂಬಿತು. ಸಂತೋಷಕ್ಕೆ ಅವಳು ಅಳುವುದು ಇಸುಬುವಿಗೆ ಹೊಸದಲ್ಲ, ಅವನು ಟವೆಲು ಕೊಟ್ಟ.

ಸಂಜೆ ಏಳು ಮನೆಯವರೂ ಬಂದರು. ಬೆರಕೆ ಕಾಯಿಗೆ ಬೆಲ್ಲ, ತೆಂಗಿನಹಾಲು, ಏಲಕ್ಕಿ ಹಾಕಿ ಮೈಮುನಾ ದೊಡ್ಡ ಪಾತ್ರೆ ತುಂಬ ರಸಾಯನ ಮಾಡಿದ್ದಳು. ಎಲ್ಲರ ಕಣ್ಣೂ ಇರ್ಫಾನಾಳ ಮೇಲೆ. ಅವಳು ಒಂದು ಚಮಚ ಬಾಯಿಗಿಟ್ಟಳು. ಬಟ್ಟಲು ಖಾಲಿ ಮಾಡಿ ಮುಂದೆ ಚಾಚಿದಳು.

“ನಿನಗೆ ಉಮ್ಮಾಮನ, ನನ್ನ ಉಮ್ಮನ ಸೌತೆಯದ್ದೇ ಸಾರು ಮಾಡ್ಲಾ?” ಎಂದಳು ಮೈಮುನಾ.

“ಅದನ್ನು ಬೀಜಕ್ಕೆ ಇಡಿ ಉಮ್ಮ. ಮೇಲೆ ಹೆಸರು ಬರೆದಿಡಿ. ನನಗೆ ಈ ಜೇನುನೊಣದ್ದೇ ಇನ್ನೊಂದು ಬಟ್ಟಲು ಹಾಕಿ.”

ಇದನ್ನು ಓದುತ್ತಿರುವ ಅಕ್ಕ, ತಂಗಿ, ಅಣ್ಣಂದಿರೇ, ನಾಳೆ ನಿಮ್ಮ ಫೋನಿಗೂ ಇಂಥದೊಂದು ಸಂದೇಶ ಬಂದೀತು. ಮುಂದಕ್ಕೆ ಕಳಿಸುವ ಮುನ್ನ ಬಲ್ಲವರನ್ನು ಕೇಳಿ. ಕುಲಾಂತರಿ ಎಂದ ಕೂಡಲೇ ತಟ್ಟೆ ದೂಡಬೇಡಿ, ಕಣ್ಣುಮುಚ್ಚಿ ನಂಬಲೂ ಬೇಡಿ. ಏನನ್ನು ಬದಲಿಸಿದ್ದಾರೆ, ಯಾರು ಪರೀಕ್ಷಿಸಿದ್ದಾರೆ, ಪ್ಯಾಕೆಟಿನ ಮೇಲೆ ಬರೆದಿದ್ದಾರೆಯೇ ಎಂದು ಕೇಳಿ. ಬಸುರಿಯರು ಏನು ತಿನ್ನಬೇಕೆಂದು ಡಾಕ್ಟರು ಹೇಳಲಿ, ಫೋನು ಹೇಳುವುದು ಬೇಡ. ನೀವು ಯಾರಿಗಾದರೂ ಬೀಜ ಕೊಟ್ಟರೆ ಒಂದು ಚೀಟಿಯನ್ನೂ ಜೊತೆಗಿಡಿ. ಮೈಮುನಾಳ ಡಬ್ಬಿಗಳ ಮೇಲೆ ಈಗ ಎರಡು ಚೀಟಿಗಳಿವೆ: ಒಂದರಲ್ಲಿ ‘ಉಮ್ಮನ ಸೌತೆ’, ಇನ್ನೊಂದರಲ್ಲಿ ‘ಬೆರಕೆ, ರಸಾಯನಕ್ಕೆ ಒಳ್ಳೆಯದು’.