ಆರನೇ ಮಂಚದ ಸರದಿ

ಹೆಂಗಸರ ವಾರ್ಡಿನಲ್ಲಿ ಆರು ಮಂಚ. ಐದಕ್ಕೆ ತಲೆದಿಂಬು ಉತ್ತರದ ಗೋಡೆಯ ಕಡೆಗೆ. ಜಾಗ ಸಾಲದೆ ಬಾಗಿಲ ಪಕ್ಕ ಅಡ್ಡ ಹಾಕಿದ್ದ ಆರನೆಯದಕ್ಕೆ ಮಾತ್ರ ಪೂರ್ವಕ್ಕೆ. ಮಂಚ ಜೋಡಿಸಿದ ಪುಣ್ಯಾತ್ಮ ಗೋಡೆಯ ಪ್ಲಗ್ಗು ನೋಡಿದನೇ ಹೊರತು ದಿಕ್ಕು ನೋಡಲಿಲ್ಲ. ಉತ್ತರಕ್ಕೆ ತಲೆ ಹಾಕಿ ಮಲಗು ಎಂದರೆ ಈ ಕಡೆಯ ಯಾವ ಹೆಂಗಸಿಗೆ ನಿದ್ದೆ ಹತ್ತೀತು? ಅವರೇ ಸೇರಿ ಒಂದು ಏರ್ಪಾಡು ಮಾಡಿಕೊಂಡರು: ಆರನೇ ಮಂಚ ದಿನಕ್ಕೊಬ್ಬರಿಗೆ, ಸರದಿಯ ಮೇಲೆ. ಎಷ್ಟು ಒಳ್ಳೆಯ ಮನಸ್ಸು ನೋಡಿ! ಆ ಒಳ್ಳೆಯ ಮನಸ್ಸೇ ಒಂದು ಜೀವ ತೆಗೆಯುವುದರಲ್ಲಿತ್ತು.

ರಶ್ಮಿತಾ ಆ ಆಸ್ಪತ್ರೆಗೆ ಹೊಸ ನರ್ಸು, ಕೆ. ಹೊಸಕೋಟೆಯ ಹುಡುಗಿ. ಅಕ್ಕನ ಮದುವೆಗೆ ರಜೆ ಹಾಕಿ ಅಂದು ಬೆಳಿಗ್ಗೆ ಬಂದರೆ ವಾರ್ಡಿನ ಮುಖಗಳೆಲ್ಲ ಹೊಸವು. ಡಾಕ್ಟರ್ ಯೋಗಾನಂದರು ರೋಗಿಗಳನ್ನು ಹೆಸರು ಹಿಡಿದು ಕರೆದವರೇ ಅಲ್ಲ, ಮಂಚದ ನಂಬರೇ ಅವರಿಗೆ ಹೆಸರು. "ಆರಕ್ಕೆ ಇನ್ಸುಲಿನ್ ಕೊಡಮ್ಮ, ತಿಂಡಿಗೆ ಮುಂಚೆ," ಎಂದು ನಡೆದೇಬಿಟ್ಟರು. ಇವಳು ಸೂಜಿ ಸಿದ್ಧಮಾಡಿಕೊಂಡು ಆರನೇ ಮಂಚದ ಹತ್ತಿರ ಹೋದಳು.

ಅಲ್ಲಿ ಮಲಗಿದ್ದವಳು ಹೊಂಗಡಹಳ್ಳದ ಕೆಂಚಮ್ಮ. ವಾಂತಿಯಾಗಿ ಹಿಂದಿನ ದಿನದಿಂದ ಹೊಟ್ಟೆಗೆ ಏನೂ ಇಲ್ಲದ ಮುದುಕಿ. ಸಕ್ಕರೆ ಕಾಯಿಲೆ ಅವಳ ಹತ್ತಿರವೂ ಸುಳಿದಿರಲಿಲ್ಲ. ಆದರೂ ನರ್ಸಮ್ಮ ಸೂಜಿ ಹಿಡಿದು ಬಂದರೆ ಯಾಕೆ ಎಂದು ಕೇಳುವುದುಂಟೆ?

"ಹೊಟ್ಟೆಗೆ ಚುಚ್ತೀನಜ್ಜಿ."

"ಚುಚ್ಚು ಕಣವ್ವ. ಒಳ್ಳೇದಕ್ಕೇ ತಾನೆ," ಎಂದು ಕೆಂಚಮ್ಮ ಸೆರಗು ಸರಿಸಿದಳು.

ಸೂಜಿ ಇನ್ನೇನು ತಾಗಬೇಕು, ಮೂರನೇ ಮಂಚದಲ್ಲಿ ಗಂಗಾಮಣಿ ಎದ್ದು ಕೂತು ಕೂಗಿದಳು: "ಅಯ್ಯೋ, ಅದು ನಂದು ಕಣವ್ವ! ಇವತ್ತು ಅಜ್ಜಿ ಸರದಿ ಅಂತ ಮಂಚ ಬುಟ್ಕೊಟ್ಟೆ. ಸೂಜೀನೂ ಬುಟ್ಕೊಡ್ಲಾ?"

ವಾರ್ಡು ಗೊಳ್ಳೆಂದು ನಕ್ಕಿತು. ರಶ್ಮಿತಾ ಮಾತ್ರ ನಗದೆ ಸೂಜಿಯನ್ನು ಹಿಂದಕ್ಕೆ ತೆಗೆದು ಮುಚ್ಚಳ ಹಾಕಿದಳು. ಖಾಲಿ ಹೊಟ್ಟೆಗೆ ಆ ಮದ್ದು ಇಳಿದಿದ್ದರೆ ಅಜ್ಜಿ ಪ್ರಜ್ಞೆ ತಪ್ಪುತ್ತಿದ್ದಳು, ಮತ್ತೆ ಏಳುತ್ತಿದ್ದಳೋ ಇಲ್ಲವೋ. ಏನೂ ಆಗಲಿಲ್ಲವಲ್ಲ, ಬಾಯಿ ಮುಚ್ಚಿಕೊಂಡರೆ ಕೆಲಸ ಉಳಿಯುತ್ತದೆ ಎಂದು ಒಂದು ಮನಸ್ಸು. ನಾಳೆ ಇದೇ ಮಂಚದಲ್ಲಿ ಇನ್ನೊಬ್ಬಳಿರುತ್ತಾಳೆ, ಆಗ ಕೂಗುವವರು ಯಾರು ಎಂದು ಇನ್ನೊಂದು. ಗಂಗಾಮಣಿಗೆ ಹೆಸರು ಕೇಳಿಯೇ ಸೂಜಿ ಹಾಕಿ, ನೇರ ಡಾಕ್ಟರ ಮುಂದೆ ಹೋಗಿ ನಿಂತು ಎಲ್ಲ ಹೇಳಿಬಿಟ್ಟಳು.

ಯೋಗಾನಂದರು ಕೆಂಡವಾಗಿ ವಾರ್ಡಿಗೆ ಬಂದರು. "ಮಂಚ ಬದಲಾಯಿಸಿ ಅಂತ ಹೇಳಿದ್ದು ಯಾರು? ನೀನಾದರೂ ಹೆಸರು ಕೇಳಬಾರದಿತ್ತೇನಮ್ಮ?"

ಕೆಂಚಮ್ಮ ಸುಮ್ಮನಿರಲಿಲ್ಲ. "ಆ ಮಗೀನ ಬೈಬ್ಯಾಡಿ ಸ್ವಾಮಿ. ಉತ್ತರಕ್ಕೆ ತಲೆ ಹಾಕಿದ್ರೆ ನಿದ್ದೆ ಬತ್ತೈತಾ? ನೀವು ಮನೇಲಿ ಎತ್ಲಾಗೆ ತಲೆ ಹಾಕ್ತೀರಾ, ಹೇಳಿ ಮತ್ತೆ."

ಡಾಕ್ಟರು ಆರೂ ಮಂಚದ ಕಡೆ ಒಮ್ಮೆ ನೋಡಿದರು. ಎಲ್ಲರೂ ಅವರನ್ನೇ ನೋಡುತ್ತಿದ್ದರು.

"ಪೂರ್ವಕ್ಕೆ," ಎಂದರು ಮೆಲ್ಲಗೆ.

ಮತ್ತೆ ನಗು. ಈ ಸಲ ಅವರೂ ನಕ್ಕರು. "ಆರಕ್ಕೆ ಅಂತ ಹೇಳಿದವನು ನಾನೇ ಅಲ್ವಾ, ಇನ್ನು ಯಾರನ್ನ ಬೈಯಲಿ?" ಎಂದು ಕೋಟಿನ ತೋಳು ಮಡಿಸಿ ಮಂಚಕ್ಕೆ ಕೈ ಹಚ್ಚಿದರು. ಚಕ್ರಗಳು ಕಿರುಗುಟ್ಟಿದವು. ಕಾಲಿಗೆ ಪಟ್ಟಿ ಕಟ್ಟಿದ್ದ ಗಂಗಾಮಣಿ ಕೂತಲ್ಲಿಂದಲೇ "ಇತ್ಲಾಗೆ ಎಳೀರಿ ಡಾಕ್ಟ್ರೇ, ಅತ್ಲಾಗಲ್ಲ" ಎಂದು ಮೇಸ್ತ್ರಿಕೆ ಮಾಡಿದಳು. ಪ್ಲಗ್ಗಿಗೆ ಉದ್ದದ ವೈರು ಬಂತು. ಮಧ್ಯಾಹ್ನದ ಹೊತ್ತಿಗೆ ಆರೂ ತಲೆದಿಂಬು ಪೂರ್ವಕ್ಕಿದ್ದವು, ಆರೂ ಮಣಿಕಟ್ಟಿಗೆ ಹೆಸರು ಬರೆದ ಪಟ್ಟಿ ಬಂದಿತ್ತು. ಆಮೇಲೆ ವಾರ್ಡಿನಲ್ಲಿ ಎದ್ದ ಗೊರಕೆ ಹೊರಗಿನ ಬಸ್ಸುಗಳಿಗೂ ಕೇಳಿಸಿರಬೇಕು.

ಮರುದಿನ ರಶ್ಮಿತಾ ಕೆಂಚಮ್ಮನ ಹತ್ತಿರ ವಾಂತಿ ನಿಲ್ಲುವ ಸೂಜಿ ತಂದಳು. ಅಜ್ಜಿಯ ಮುಖ ಈಗ ಚೆನ್ನಾಗಿ ಗೊತ್ತು, ಆದರೂ ಕೇಳಿದಳು.

"ಹೆಸರು ಹೇಳಜ್ಜಿ."

"ಕೆಂಚಮ್ಮ." ಅಜ್ಜಿ ತೋಳು ಚಾಚಿದವಳು ಥಟ್ಟನೆ ಹಿಂದಕ್ಕೆ ಎಳೆದುಕೊಂಡಳು. "ತಡಿ ಕಣವ್ವ. ಇದು ಎಂಥ ಮದ್ದು, ಯಾತಕ್ಕೆ, ಮೊದ್ಲು ಹೇಳು. ಆಮೇಲೆ ಚುಚ್ಚುವಂತೆ."

ರಶ್ಮಿತಾಳಿಗೆ ಅವಳನ್ನು ತಬ್ಬಿಕೊಳ್ಳುವಷ್ಟು ಖುಷಿಯಾಯಿತು. ಮಂಚದ ಅಂಚಿಗೆ ಕೂತು ಎಲ್ಲ ಬಿಡಿಸಿ ಹೇಳಿದಳು. ಕೆಂಚಮ್ಮ ಪೂರ್ತಿ ಕೇಳಿಸಿಕೊಂಡ ಮೇಲೆಯೇ ತೋಳು ಕೊಟ್ಟಳು.