ಒಲೆಯ ಮುಂದಿನ ಮಾತು

"ನನ್ನನ್ನಲ್ಲ, ಆ ಕಂಪನೀನೇ ಮದುವೆ ಆಗಬೇಕಿತ್ತು ಈ ಮನುಷ್ಯ" ಎಂದು ಅವಳು ಉಕ್ಕಲು ಬಂದ ಹಾಲಿಗೆ ಹೇಳಿದಳು.

"ಕೇಳಿ ನೋಡಿದ್ದೆ. ಅದು ಒಪ್ಪಲಿಲ್ಲ" ಎಂದಿತು ಬೆನ್ನ ಹಿಂದಿನಿಂದ ಒಂದು ದನಿ.

ಅವಳ ಕೈಯಿಂದ ಸೌಟು ಜಾರಿತು. ಬಾಗಿಲಲ್ಲಿ ಗಂಡ ನಿಂತಿದ್ದ. ಅವನ ಕಿವಿಯ ಹಿಂದೆ ಕಡಲೆಕಾಯಿಯಷ್ಟು ದೊಡ್ಡ, ಕಿವಿ ಕೇಳಿಸುವ ಮಿಷನ್ನೊಂದು ಕೂತಿತ್ತು. ಕಂಪನಿಯ ಡಾಕ್ಟರು ಒಂದು ಕಾಸೂ ಕೇಳದೆ ಅಂದೇ ಹಾಕಿ ಕಳಿಸಿದ್ದರು.

ತಗಡನ್ನು ಒತ್ತಿ ಕಾರಿನ ಬಾಗಿಲು ಮಾಡುವ ಪ್ರೆಸ್ ಶಾಪಿನಲ್ಲಿ ಅವನ ಕೆಲಸ. ಆನೆ ಗಾತ್ರದ ಪ್ರೆಸ್ಸುಗಳು ದಿನವಿಡೀ ಬಡಿದು ಬಡಿದು, ಮದುವೆಯಾದ ಕೆಲವೇ ವರ್ಷಗಳಲ್ಲಿ ಅವನ ಕಿವಿಯನ್ನು ತಿಂದುಹಾಕಿದ್ದವು. ಹಾಗಂತ ಕಂಪನಿಯನ್ನು ಬಾಯ್ತುಂಬ ಬೈಯುವಂತೆಯೂ ಇರಲಿಲ್ಲ. ತಲೆಯ ಮೇಲಿನ ಸೂರು ಅದರದೇ. ಮಗಳು ಹುಟ್ಟಿದ್ದು ಅದರ ಆಸ್ಪತ್ರೆಯಲ್ಲಿ, ಓದಿದ್ದು ಅದರ ಶಾಲೆಯಲ್ಲಿ. ಸಣ್ಣ ವರ್ಕ್‌ಶಾಪಿಗೆ ಹೋಗುತ್ತಿದ್ದ ಅವಳ ತಮ್ಮನ ಕಿವಿ ಚುರುಕಾಗಿಯೇ ಇತ್ತು. ಆದರೆ ಅವನು ಬೀಗ ಹಾಕಿದ ಬಾಗಿಲು ನೋಡಿ ಬುತ್ತಿಯ ಸಮೇತ ಮನೆಗೆ ವಾಪಸಾದ ದಿನಗಳನ್ನು ಅವಳು ಕಂಡಿದ್ದಳು. ಹೀಗಾಗಿ ಅವಳ ಬೈಗುಳವೆಲ್ಲ ಒಲೆಯ ಮುಂದೆ ಮಾತ್ರ, ಹೇಗೂ ಅವನಿಗೆ ಕೇಳುವುದಿಲ್ಲ ಎಂಬ ಧೈರ್ಯದಲ್ಲಿ.

ಆ ಧೈರ್ಯ ಈಗ ಹೋಯಿತು. ಅಡುಗೆಮನೆ ಗಪ್ಪಾಯಿತು. ಅವನೋ ಮನೆಯೆಲ್ಲ ಓಡಾಡಿ ನಲ್ಲಿ ತೊಟ್ಟಿಕ್ಕುವುದನ್ನು, ಬಾಗಿಲ ಕೀಲು ಕಿರುಗುಟ್ಟುವುದನ್ನು ಹೊಸ ನೆಂಟರನ್ನು ಮಾತಾಡಿಸುವವನಂತೆ ಕೇಳಿಸಿಕೊಂಡ. ತನ್ನ ದನಿ ಕೇಳಿ ತಾನೇ ಬೆಚ್ಚಿದ. ಇಷ್ಟು ವರ್ಷ ಬೀದಿಗೆಲ್ಲ ಕೇಳುವಂತೆ ಕೂಗುತ್ತಿದ್ದೆನೇ ಎಂದು ನಾಚಿ ಮೆತ್ತಗೆ ಮಾತಾಡತೊಡಗಿದ. ಅವಳಿಗೆ ಮಾತ್ರ ಬಾಯಿಗೆ ಬಟ್ಟೆ ತುರುಕಿದಂತಾಗಿತ್ತು.

ರಜೆಯ ದಿನ ಅವನು ಅವಳ ಪಕ್ಕದಲ್ಲೇ ಕೂತು ಬೀನ್ಸ್ ಬಿಡಿಸತೊಡಗಿದ.

"ಯಾಕೆ ಮಾತೇ ನಿಲ್ಲಿಸಿಬಿಟ್ಟೆ?"

ಮೊದಲಾದರೂ ತಾನೆಲ್ಲಿ ಮಾತಾಡುತ್ತಿದ್ದೆ ಎಂದು ಅವಳು ತಲೆ ತಗ್ಗಿಸಿದಳು.

"ನೀನು ದಿನಾ ಮಾತಾಡ್ತಿದ್ದೆ. ಪ್ರೆಸ್ ಶಾಪಲ್ಲಿ ಯಾರ ಮಾತು ಯಾರಿಗೆ ಕೇಳುತ್ತೆ ಹೇಳು? ನಾವೆಲ್ಲ ತುಟಿ ನೋಡಿಯೇ ಮಾತಾಡೋದು."

ಅವಳ ಕೈ ನಿಂತಿತು. ಪ್ರತಿ ಸಂಜೆ ಅವನು ಅಡುಗೆಮನೆಯ ಬಾಗಿಲಿಗೆ ಕುರ್ಚಿ ಎಳೆದು ಪೇಪರ್ ಹಿಡಿದು ಕೂರುತ್ತಿದ್ದ. ಗಾಳಿಗೆ ಕೂತಿದ್ದಾನೆ ಎಂದುಕೊಂಡಿದ್ದಳು. ಆ ಪೇಪರಿನ ಪುಟ ತಿರುಗಿದ್ದನ್ನು ಕಂಡ ನೆನಪೇ ಇರಲಿಲ್ಲ.

"ಪಾಪುಗೆ ಜ್ವರ ಬಂದಾಗ ಹೇಳಿದ್ದು?" ಎಂದು ಮೆಲ್ಲಗೆ ಕೇಳಿದಳು. ಇವನನ್ನು ಕಟ್ಟಿಕೊಂಡು ತಪ್ಪು ಮಾಡಿದೆ, ಈ ಮಗುವಿಗೆ ಅಪ್ಪ ಇದ್ದೂ ಇಲ್ಲ ಎಂದು ಅವಳು ಅಂದು ಅತ್ತಿದ್ದಳು.

"ಅದೂ ಗೊತ್ತು. ಮಾರನೇ ದಿನವೇ ಡಬಲ್ ಡ್ಯೂಟಿ ಬಿಟ್ಟೆ."

ಡಬಲ್ ಡ್ಯೂಟಿಯನ್ನು ಕಂಪನಿಯೇ ಕಿತ್ತುಕೊಂಡಿತು ಎಂದು ತಿಳಿದು, ಆಗ ಅವಳು ಅದಕ್ಕೂ ಕಂಪನಿಗೆ ಹಿಡಿಶಾಪ ಹಾಕಿದ್ದಳು.

"ಒಂದು ಮಾತು ಹೇಳಬಾರದಿತ್ತೇನ್ರೀ?"

"ಹೇಳಿದ್ರೆ ನೀನು ನಿಲ್ಲಿಸಿಬಿಡ್ತಿದ್ದೆ. ದಿನವೆಲ್ಲ ಆ ಕಬ್ಬಿಣದ ಮಾತು ಕೇಳಿ ಬರೋನಿಗೆ ಮನೇಲಿ ಇನ್ನೊಂದು ಮಾತು ಬೇಕಲ್ಲ." ಇನ್ನೊಂದು ಬೀನ್ಸ್ ಬಿಡಿಸುತ್ತ ಹೇಳಿದ, "ಈಗ ದನಿಯ ಸಮೇತ ಬೈಸಿಕೊಳ್ಳೋಣ ಅಂದ್ರೆ ನೀನು ಬೈಯೋದೇ ಇಲ್ಲ."

ಅವಳು ನಗಲು ಹೋಗಿ ಸೆರಗಿನಿಂದ ಮೂಗು ಒರೆಸಿಕೊಂಡಳು. ನಾರು ತೆಗೆಯದೆ ಬಿಡಿಸಿದ್ದಾನೆಂದು ಅವನ ಮುಂದಿದ್ದ ಬೀನ್ಸನ್ನೆಲ್ಲ ತನ್ನತ್ತ ಎಳೆದುಕೊಂಡು ಬೈಯಲು ಶುರು ಮಾಡಿದಳು. ಬೀನ್ಸಿನಿಂದ ಹೊರಟ ಮಾತು ಕಂಪನಿಯ ಗೇಟಿನವರೆಗೂ ಹೋಯಿತು. ಅವನು ಕಣ್ಣು ಮುಚ್ಚಿ ಕೇಳುತ್ತ ಕೂತ.

ಆಗ ಮಗಳು ಹೊರಗಿನಿಂದ ಬಂದಳು. ಅಪ್ಪನನ್ನು ಕರೆಯಬೇಕೆಂದರೆ ಹಿಂದಿನಿಂದ ಬಂದು ಹೆಗಲು ಮುಟ್ಟುವುದು ಅವಳಿಗೆ ಮಾತು ಬರುವ ಮೊದಲೇ ಬಂದ ಅಭ್ಯಾಸ. ಚಪ್ಪಲಿ ಬಿಟ್ಟು ಒಳಬಂದು ಕೈ ಎತ್ತಿದಳು.

"ಬಂದ್ಯಾ ಮಗಳೇ?" ಎಂದ ಅವನು, ತಿರುಗದೆಯೇ.

ಎತ್ತಿದ ಕೈ ಗಾಳಿಯಲ್ಲೇ ನಿಂತಿತು. ಅದನ್ನೇನು ಮಾಡುವುದೆಂದು ಅವಳಿಗೆ ಒಂದು ಕ್ಷಣ ತಿಳಿಯಲಿಲ್ಲ. ಆಮೇಲೆ ಅದನ್ನು ಅವನ ಹೆಗಲ ಮೇಲೆಯೇ ಇಟ್ಟಳು.